ಎರಡು ವರ್ಷದ ಕಾನೂನು ಓದು: ಕರಿಕೋಟು ಬರಲ್ಲ ಅಂದ್ರೆ ಏನು ಬರುತ್ತೆ?

ಮಸ್ಕಿ ಮಣ್ಣು

ಎಲ್ಲರಿಗೂ ನಮಸ್ಕಾರ್ರಿ. ತಂಗಿ ಸಿಂಧನೂರಿನಾಗ ಬಿಎ ಮುಗಿಸ್ಯಾಳ, ಕನ್ನಡ ಮಾಧ್ಯಮ. ಕಾನೂನು ಓದ್ಬೇಕು ಅಂತಾಳ. ಒಬ್ಬರು "ಎರಡು ವರ್ಷದ ಲೀಗಲ್ ಸ್ಟಡೀಸ್ ಡಿಗ್ರಿ ಅದ, ದಿನಾ ಕಾಲೇಜಿಗೆ ಹೋಗೋದು ಬ್ಯಾಡ, ಮುಗಿದ ಮ್ಯಾಲ ಕೋರ್ಟಿನಾಗ ಕೆಲಸ" ಅಂತ ಹೇಳಿ ಫೀ ಕಟ್ಟ್ರಿ ಅನ್ಲಿಕ್ಕತ್ಯಾರ. ಇದು ಖರೇನಾ? ಅದು ಆಗ್ಲಿಲ್ಲ ಅಂದ್ರ ಯಾವ ದಾರಿ? ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದಾವ್ರು ಈ ಓದು ಹೆಂಗ ನಡೆಸ್ಬೇಕು? ಬಲ್ಲವರು ಬಿಡಿಸಿ ಹೇಳ್ರಿ.

ಕೋಟೆ ಬೆಟ್ಟ, ಬಳ್ಳಾರಿ

ಫೀ ಕಟ್ಟುವ ಮುಂಚೆ ಕೇಳಿದ್ದು ಒಳ್ಳೆಯದಾಯ್ತು. ಮೊದಲು ಅದನ್ನು ನಿಲ್ಲಿಸಿ.

"ಎರಡು ವರ್ಷ" ಅನ್ನೋ ಮಾತಿನಡಿ ಬೇರೆ ಬೇರೆ ಓದುಗಳನ್ನು ಕಲಸಿ ಮಾರುತ್ತಾರೆ. ಅಮೆರಿಕದಲ್ಲಿ ಅಸೋಸಿಯೇಟ್ ಡಿಗ್ರಿ ಅಂತ ಎರಡು ವರ್ಷದ, ಸುಮಾರು 60 ಕ್ರೆಡಿಟ್‌ಗಳ ಪ್ಯಾರಾಲೀಗಲ್ ಓದು ಇದೆ. ಅಲ್ಲಿಯೂ ಅದನ್ನು ಓದಿದವರು ವಕೀಲರಲ್ಲ, ವಕೀಲರ ಕೈಕೆಳಗೆ ಕೆಲಸ ಮಾಡುವವರು. ನಮ್ಮಲ್ಲಿ ಎರಡು ವರ್ಷದ್ದು ಅಂದರೆ ಎಲ್‌ಎಲ್‌ಎಂ. ಅದು ಎಲ್‌ಎಲ್‌ಬಿ ಆದ ಮೇಲಿನ ಓದು, ನಾಲ್ಕು ಸೆಮಿಸ್ಟರ್. ಬಿಎ ಮುಗಿಸಿದವರು ನೇರವಾಗಿ ಅದಕ್ಕೆ ಸೇರಲು ಬರುವುದಿಲ್ಲ. ಮೂರನೆಯದು ಡಿಪ್ಲೊಮಾಗಳು. ಇಗ್ನೋದ ಪ್ಯಾರಾಲೀಗಲ್ ಡಿಪ್ಲೊಮಾ ಪಿಯುಸಿ ಆದವರಿಗೆ, ಒಂದು ವರ್ಷದ್ದು. ಓದಲು ಒಳ್ಳೆಯದೇ, ಆದರೆ ಅದನ್ನು ಹಿಡಿದು ಸನ್ನದು (ವಕೀಲಿ ಮಾಡಲು ಬಾರ್ ಕೌನ್ಸಿಲ್ ಕೊಡುವ ಪರವಾನಗಿ) ಕೇಳಲು ಆಗುವುದಿಲ್ಲ.

ವಕೀಲರಾಗಬೇಕಾದರೆ ದಾರಿ ಎರಡೇ: ಪಿಯುಸಿ ನಂತರ 5 ವರ್ಷದ್ದು, ಇಲ್ಲವೇ ಡಿಗ್ರಿ ನಂತರ 3 ವರ್ಷದ ಎಲ್‌ಎಲ್‌ಬಿ. ನಿಮ್ಮ ತಂಗಿಗೆ ಎರಡನೆಯದು. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟ ಜಾತಿ-ಪಂಗಡಕ್ಕೆ 40% ಇರಬೇಕು. ದೂರಶಿಕ್ಷಣದ ಎಲ್‌ಎಲ್‌ಬಿ ಅನ್ನೋದನ್ನು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ, ಪ್ರತಿ ವಿಷಯಕ್ಕೂ 70% ಹಾಜರಾತಿ ಬೇಕು. "ಕಾಲೇಜಿಗೆ ಹೋಗೋದು ಬೇಡ" ಅಂದ ಕೂಡಲೇ ಅನುಮಾನ ಬರಬೇಕು.

ಹತ್ತಿರದಲ್ಲಿ ರಾಯಚೂರಿನ ಎಸ್‌ಸಿಎಬಿ ಕಾನೂನು ಕಾಲೇಜು, ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು ಇವೆ. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಯಾವ ಕಾಲೇಜೇ ಆಗಲಿ, ಎರಡು ಕಾಗದ ಕೇಳಿ ನೋಡಿ: ವಿಶ್ವವಿದ್ಯಾಲಯದ ಸಂಯೋಜನೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಅನುಮೋದನೆ. ಈ ಸಾಲಿನದ್ದೇ ಇರಬೇಕು, ಹಳೆಯದಲ್ಲ.

ಮಸ್ಕಿ ಮಣ್ಣು

ಬಾಳ ಉಪಕಾರ ಸರ್. ಆದ್ರ ಒಂದು ಮಾತು. ಅವರು ಹೇಳಿದ್ದು, ಹಿಂದಕ ಎರಡೇ ವರ್ಷ ಲಾ ಓದಿ ವಕೀಲಿ ಮಾಡಿದವರು ಇದ್ರಂತ. ಅದು ಸುಳ್ಳಾ?

ಕೋಟೆ ಬೆಟ್ಟ, ಬಳ್ಳಾರಿ

ಸುಳ್ಳಲ್ಲ, ಆದರೆ ಆ ಕಾಲ ಮುಗಿದಿದೆ. 1961ರ ವಕೀಲರ ಅಧಿನಿಯಮದ 24ನೇ ಕಲಂ ಓದಿ. 1967ರ ಮಾರ್ಚ್ 12ರ ನಂತರ ಮೂರು ವರ್ಷದ ಕಾನೂನು ಓದು ಬೇಕು ಅಂತಿದೆ. 1967-68 ಅಥವಾ ಅದಕ್ಕೂ ಮುಂಚಿನ ಸಾಲಿನಲ್ಲಿ ಸೇರಿದವರಿಗೆ ಮಾತ್ರ ಎರಡು ವರ್ಷ ಸಾಕು ಅನ್ನೋ ವಿನಾಯಿತಿ ಅದೇ ಕಲಮಿನಲ್ಲಿದೆ. ಆಮೇಲೆಯೂ ಕೆಲವು ವಿಶ್ವವಿದ್ಯಾಲಯಗಳು ಎರಡು ವರ್ಷದ ಜನರಲ್ ಕಾನೂನು ಪದವಿ ಕೊಟ್ಟವು. ಅದು ಜ್ಞಾನಕ್ಕೆ, ಸನ್ನದಿಗಲ್ಲ. ಸನ್ನದು ಇಲ್ಲದೆ ಕೋರ್ಟಿನಲ್ಲಿ ವಕೀಲಿ ಮಾಡಿದರೆ ಅದೇ ಅಧಿನಿಯಮದ 45ನೇ ಕಲಮಿನ ಪ್ರಕಾರ 6 ತಿಂಗಳವರೆಗೆ ಜೈಲು.

ಸನ್ನದಿನ ಖರ್ಚಿನ ಬಗ್ಗೆಯೂ ಹೆದರಬೇಡಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಕಾಯ್ದೆಯಲ್ಲಿ ಇಲ್ಲದ ಹೆಚ್ಚುವರಿ ಶುಲ್ಕವನ್ನು ಬಾರ್ ಕೌನ್ಸಿಲುಗಳು ವಸೂಲಿ ಮಾಡುವಂತಿಲ್ಲ.

ಕಡತದ ಕಟ್ಟು

ಇಲ್ಲೊಂದು ಮಾತು ಸೇರಿಸ್ತೀನಿ. ಎರಡು ವರ್ಷದಲ್ಲಿ ಕರಿಕೋಟು ಬರಲ್ಲ, ನಿಜ. ಆದರೆ ಎರಡು ವರ್ಷ ಸರಿಯಾಗಿ ಕಲಿತರೆ ವಕೀಲರ ಕಚೇರಿ, ಬ್ಯಾಂಕಿನ ವಸೂಲಾತಿ ವಿಭಾಗ, ದಸ್ತಾವೇಜು ಬರೆಯುವವರ ಅಂಗಡಿ, ಇಲ್ಲೆಲ್ಲ ಕೈಗೆ ಕೆಲಸ ಇದೆ. ಅಲ್ಲಿ ಕೇಳೋದು ಸರ್ಟಿಫಿಕೇಟಲ್ಲ. ಕಡತ ಕೊಟ್ಟರೆ ಯಾವ ಕಾಗದ ಕಡಿಮೆ ಇದೆ, ಕೊನೇ ತಾರೀಖು ಯಾವುದು, ಇಷ್ಟು ಹೇಳಬೇಕು. ಎಲ್‌ಎಲ್‌ಬಿಗೆ ಸೇರಿದರೂ ಮೊದಲೆರಡು ವರ್ಷದಲ್ಲೇ ಇದನ್ನು ಕಲಿಯುವುದು ಲೇಸು. ಹೇಗೂ ಮೂರು ವರ್ಷದ ಓದಿನಲ್ಲಿ ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು.

ಎಲ್ಲಕ್ಕಿಂತ ಮೊದಲು ಮುದ್ದತ್ತಿನ, ಅಂದರೆ ಕಾಯ್ದೆ ಕೊಟ್ಟ ಗಡುವಿನ, ಲೆಕ್ಕ. ಚೆಕ್ ಬೌನ್ಸ್ ತಗೊಳ್ಳಿ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 138ನೇ ಕಲಂ. ನಮ್ಮ ಕಡೆ ಗೊಬ್ಬರದಂಗಡಿ, ಭತ್ತದ ವ್ಯಾಪಾರ ಅಂತ ಈ ಕೇಸುಗಳೇ ಜಾಸ್ತಿ ಬರ್ತಾವೆ.

ಚೆಕ್ ವಾಪಸ್ಸಾದ ಮೆಮೊ ಜೂನ್ 3ಕ್ಕೆ ಕೈಗೆ ಬಂತು ಅಂತಿಟ್ಟುಕೊಳ್ಳಿ. ಆ ದಿನ ಬಿಟ್ಟು 30 ದಿನ ಎಣಿಸಿದರೆ ಜುಲೈ 3. ಅಷ್ಟರೊಳಗೆ ನೋಟಿಸ್ ಕಳಿಸಿರಬೇಕು. ನೋಟಿಸ್ ಎದುರಿನವರಿಗೆ ಜುಲೈ 8ಕ್ಕೆ ಮುಟ್ಟಿತು. ಅದನ್ನು ಬಿಟ್ಟು 15 ದಿನ ಅಂದರೆ ಜುಲೈ 23. ಅಷ್ಟರಲ್ಲಿ ದುಡ್ಡು ಬರಲಿಲ್ಲ, ಜುಲೈ 24ಕ್ಕೆ ದೂರಿಗೆ ಕಾರಣ ಹುಟ್ಟಿತು. ಅಲ್ಲಿಂದ ಒಂದು ತಿಂಗಳು, ಅಂದರೆ ಆಗಸ್ಟ್ 24.

ತಪ್ಪಾಗೋದು ಮೂರು ಜಾಗದಲ್ಲಿ. 15 ದಿನವನ್ನು ನೋಟಿಸ್ ಹಾಕಿದ ದಿನದಿಂದ ಎಣಿಸ್ತಾರೆ, ಎಣಿಸಬೇಕಾದ್ದು ಮುಟ್ಟಿದ ದಿನದಿಂದ. ಆದ್ದರಿಂದ ಅಂಚೆಯ ಟ್ರ್ಯಾಕಿಂಗ್ ಹಾಳೆ, ಸ್ವೀಕೃತಿ ಕಾರ್ಡು ಎರಡನ್ನೂ ಅದೇ ವಾರ ತೆಗೆದು ಕಡತಕ್ಕೆ ಹಾಕಿ. ಎರಡನೆಯದು, 15 ದಿನ ತುಂಬುವ ಮುಂಚೆಯೇ ದೂರು ದಾಖಲು. ಅವಸರದ ದೂರು ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮೂರನೆಯದು, ಚೆಕ್ಕಿನ ಮೇಲಿನ ಮೊತ್ತ ಒಂದು, ನೋಟಿಸಿನಲ್ಲಿ ಕೇಳಿದ ಮೊತ್ತ ಇನ್ನೊಂದು. ಬಡ್ಡಿ, ಖರ್ಚು ಕೇಳೋದಿದ್ದರೆ ಬೇರೆ ಸಾಲಿನಲ್ಲಿ ಬರೆದು, ಚೆಕ್ಕಿನ ಮೊತ್ತವನ್ನು ರೂಪಾಯಿಗೆ ರೂಪಾಯಿ ಅಷ್ಟೇ ಕೇಳಬೇಕು.

ಅಂಜನಾದ್ರಿ ಓದುಗ

ಕಡತದ ಕಟ್ಟು ಅಣ್ಣ, ಸಣ್ಣದೊಂದು ಸೇರಿಸಲಾ? ಕೊನೆಯ ಹಂತದ್ದು "ಒಂದು ತಿಂಗಳು", ನೋಟಿಸಿಗೆ "30 ದಿನ". ಕಾಯ್ದೆಯಲ್ಲೇ ಬೇರೆ ಬೇರೆ ಇದೆ. ವಿದ್ಯಾರ್ಥಿಗಳು ಎರಡಕ್ಕೂ 30 ಹಾಕಿಬಿಡ್ತಾರೆ. ತಿಂಗಳು ಅಂದರೆ ಕ್ಯಾಲೆಂಡರಿನ ತಿಂಗಳು. ಮೇಲಿನ ಉದಾಹರಣೆಯಲ್ಲಿ 30 ದಿನ ಅಂತ ಎಣಿಸಿದರೆ ಆಗಸ್ಟ್ 23 ಬರ್ತಿತ್ತು. ಒಂದು ದಿನ ಮುಂಚೆ ಹಾಕಿದರೆ ನಷ್ಟವಿಲ್ಲ, ಆದರೆ ಫೆಬ್ರುವರಿ ನಡುವೆ ಬಂದಾಗ ಲೆಕ್ಕ ತಿರುಗುತ್ತೆ.

ಕಡತದ ಕಟ್ಟು

ಸರಿಯಾಗಿ ಹೇಳಿದಿರಿ ತಮ್ಮಾ. ಇನ್ನೊಂದು ಲೆಕ್ಕ ನಕಲಿಂದು. ಮೇಲ್ಮನವಿಗೆ ದೃಢೀಕೃತ ನಕಲು ಬೇಕು, ಅದು ಸಿಗಲು ತಗೊಂಡ ದಿನಗಳನ್ನು ಮುದ್ದತ್ತಿನಿಂದ ಬಿಡ್ತಾರೆ (1963ರ ಲಿಮಿಟೇಷನ್ ಕಾಯ್ದೆ, 12ನೇ ಕಲಂ). ನಕಲಿನ ಹಿಂಬದಿಗೆ ಮುದ್ರೆ ಹಾಕಿ ತಾರೀಖು ಬರೆದಿರ್ತಾರೆ: ಅರ್ಜಿ ಕೊಟ್ಟದ್ದು, ನಕಲು ಸಿದ್ಧವಾದದ್ದು, ಒಯ್ದದ್ದು. ತೀರ್ಪು ಮಾರ್ಚ್ 10, ಅರ್ಜಿ ಮಾರ್ಚ್ 14, ಸಿದ್ಧ ಏಪ್ರಿಲ್ 2, ಒಯ್ದದ್ದು ಏಪ್ರಿಲ್ 9. ಬಿಡೋದು ಮಾರ್ಚ್ 14ರಿಂದ ಏಪ್ರಿಲ್ 2ರವರೆಗೆ, ಎರಡೂ ದಿನ ಸೇರಿ 20 ದಿನ. ಜಿಲ್ಲಾ ನ್ಯಾಯಾಲಯದ ಮೇಲ್ಮನವಿಗೆ 30 ದಿನ, ಅದಕ್ಕೆ ಈ 20 ಸೇರಿಸಿದರೆ ಏಪ್ರಿಲ್ 29. ನಕಲು ಸಿದ್ಧವಾದ ಮೇಲೆ ನೀವು ಒಯ್ಯದೆ ಬಿಟ್ಟ ಆ ಒಂದು ವಾರ ನಿಮ್ಮ ಖಾತೆಗೇ ಖರ್ಚು. ಅದಕ್ಕೇ ತೀರ್ಪಾದ ದಿನವೇ ನಕಲು ಅರ್ಜಿ ಹಾಕಿಸಿ, ವಾರಕ್ಕೆರಡು ಸಲ ನಕಲು ವಿಭಾಗದ ಪಟ್ಟಿ ನೋಡ್ತಿರಬೇಕು.

ಹೈಕೋರ್ಟಿಗಾದರೆ 90 ದಿನ. ಅಮಲ್ಜಾರಿಗೆ, ಅಂದರೆ ಡಿಕ್ರಿ (ಕೋರ್ಟಿನ ತೀರ್ಮಾನ) ಜಾರಿ ಮಾಡಿಸಲು, 12 ವರ್ಷ. ಕೈಫಿಯತ್ತು (ಪ್ರತಿವಾದಿಯ ಲಿಖಿತ ಉತ್ತರ) ಸಮನ್ಸ್ ಮುಟ್ಟಿದ 30 ದಿನದೊಳಗೆ, ಕಾರಣ ತೋರಿಸಿದರೆ 90ರವರೆಗೆ. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಮೊದಲೇ ಹಾಕುವ ಅರ್ಜಿ) 90 ದಿನಕ್ಕೆ ಮುಗಿಯುತ್ತೆ, ಮತ್ತೆ ಹಾಕಬೇಕು. ಇವನ್ನೊಂದು ರಟ್ಟಿಗೆ ಅಂಟಿಸಿ ಮೇಜಿನ ಮುಂದಿಟ್ಟುಕೊಳ್ಳಲಿ.

ದೋಆಬಿನ ದಾರಿ, ರಾಯಚೂರು

ತಂಗಿಗೆ ಇಲ್ಲೇ ಕೆಲಸ ಮಾಡೋದದ ಅಂದ್ರ ಪಹಣಿ ಓದ್ಲಿಕ್ಕೆ ಬರಲೇಬೇಕು. ಕಾಲೇಜಿನಾಗ ಆಸ್ತಿ ವರ್ಗಾವಣೆ ಕಾಯ್ದೆ ಕಲಿಸ್ತಾರ, ಪಹಣಿ ಕೈಗೆ ಕೊಟ್ಟು ಓದಸೋದು ಕಡಿಮಿ.

9ನೇ ಕಾಲಂ: ಕಬ್ಜೆದಾರರ ಹೆಸರು, ವಿಸ್ತೀರ್ಣ, ಖಾತೆ. 10ನೇದು: ಅದು ಹೆಂಗ ಬಂತು, ಮ್ಯುಟೇಷನ್ (ಖಾತೆ ಬದಲಾವಣೆ) ನಂಬರು ಇಲ್ಲೇ ಇರ್ತದ. 11ನೇದು: ಹಕ್ಕು, ಋಣ, ಅಂದ್ರ ಬ್ಯಾಂಕಿನ ಸಾಲ ಅಥವಾ ಕೋರ್ಟಿನ ತಡೆ ಇದ್ರ ಇಲ್ಲಿ. 12ನೇದು: ಸಾಗುವಳಿ ಮತ್ತು ಬೆಳೆ. ಒಂದು ವರ್ಷದ ಪಹಣಿ ನೋಡಿ ಏನೂ ಹೇಳ್ಬಾರದು. 10ನೇ ಕಾಲಮಿನ ಮ್ಯುಟೇಷನ್ ನಂಬರು ಹಿಡಕೊಂಡು ಹಿಂದಕ ಹಿಂದಕ ಹೋಗಬೇಕು, ಎಲ್ಲಿ ಕೊಂಡಿ ತಪ್ಪ್ಯದ ಅಲ್ಲೇ ವ್ಯಾಜ್ಯ ಇರ್ತದ.

ಇನ್ನೊಂದು, ಪಹಣಿಯಾಗ ಹೆಸರು ಇದ್ದ ಮಾತ್ರಕ್ಕ ಒಡೆತನ ಸಾಬೀತಾಗಂಗಿಲ್ಲ. ಭೂಕಂದಾಯ ಕಾಯ್ದೆ 133ನೇ ಕಲಂ ಹೇಳೋದು "ಬೇರೆ ರುಜುವಾತಾಗೋ ತನಕ ಖರೆ ಅಂತ ಭಾವಿಸಬೇಕು" ಅಂತ ಅಷ್ಟೇ. ಪರೀಕ್ಷೆಯಾಗೂ ಇದನ್ನ ಕೇಳ್ತಾರ, ಕೋರ್ಟಿನಾಗೂ ಇದೇ ಜಗಳ.

ವಾದಪತ್ರದ ಷೆಡ್ಯೂಲ್ (ಆಸ್ತಿ ವಿವರ) ಬರೆಯೋವಾಗ ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ (40 ಗುಂಟೆಗೆ ಒಂದು ಎಕರೆ), ನಾಲ್ಕೂ ದಿಕ್ಕಿನ ಚೆಕ್ಕುಬಂದಿ (ಗಡಿ). ಹಳೇ ಖರೀದಿ ಪತ್ರದ ಚೆಕ್ಕುಬಂದಿ ಹಂಗೇ ಇಳಿಸಿದ್ರ ಕೆಡ್ತದ. ಮೂಡಣಕ್ಕ ಯಾರದೋ ಹೊಲ ಅಂತ ಇರ್ತದ, ಅದು ಮಾರಿ ಎರಡು ಕೈ ಬದಲಾಗಿರ್ತದ. ಈಗಿನ ಬಾಜೂದವರ ಹೆಸರು ಬರೆದು, ಹಳೇ ಪತ್ರದಾಗ ಯಾರ ಹೆಸರು ಇತ್ತು ಅನ್ನೋದೂ ಬರೀರಿ. ಇಲ್ಲಾಂದ್ರ ಡಿಕ್ರಿ ಸಿಕ್ಕ ಮ್ಯಾಲ ಅಮಲ್ಜಾರಿಗೆ ಹೋದ ಕೋರ್ಟಿನ ಅಮೀನರು ಯಾವ ಹೊಲ ಅಂತ ಗುರ್ತು ಹಿಡೀಲಿಕ್ಕೆ ಆಗ್ದೆ ವಾಪಸ್ ಬರ್ತಾರ.

ರಾಯಚೂರು, ಕೊಪ್ಪಳ ಎರಡೂ 1956ರ ತನಕ ಹೈದರಾಬಾದ್ ರಾಜ್ಯದಾಗ ಇದ್ದವು. ಹಳೇ ದಾಖಲೆ ಉರ್ದುವಿನಾಗ ಸಿಗ್ತಾವ. ಬಳ್ಳಾರಿ ಮದ್ರಾಸ್ ಕಡೀಗೆ ಇತ್ತು, 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಸೇರಿತು. ಅಲ್ಲಿನ ಹಳೇ ಕಾಗದದ ನಮೂನೆನೇ ಬ್ಯಾರೆ. ಉರ್ದು ದಾಖಲೆ ಹಾಜರು ಮಾಡೋವಾಗ ಮೂಲದ ಪ್ರಮಾಣಿತ ನಕಲು, ಅದರ ಅನುವಾದ, ಅನುವಾದ ಮಾಡಿದವರ ಪ್ರಮಾಣಪತ್ರ ಮೂರೂ ಜೋಡಸ್ರಿ. ಅನುವಾದ ಒಂದನ್ನೇ ಕೊಟ್ರ ಎದುರಿನವರು ತಕರಾರು ತೆಗೀತಾರ.

ಅಂಜನಾದ್ರಿ ಓದುಗ

ಈ ಮಾಹಿತಿ ಎಲ್ಲೂ ಒಂದೇ ಕಡೆ ಸಿಗಲ್ಲ, ಇದನ್ನು ಮೇಲಕ್ಕೆ ಪಿನ್ ಮಾಡಿ ದಯವಿಟ್ಟು.

ಕನ್ನಡ ಮಾಧ್ಯಮದ ಪ್ರಶ್ನೆಗೆ ಬರ್ತೀನಿ. ನಮ್ಮ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತೆ: ಪೂರ್ತಿ ಕನ್ನಡ ಅಥವಾ ಪೂರ್ತಿ ಇಂಗ್ಲಿಷ್. ಎರಡು ಉತ್ತರ ಕನ್ನಡದಲ್ಲಿ, ಮೂರು ಇಂಗ್ಲಿಷಿನಲ್ಲಿ ಅಂತ ಮಾಡುವಂತಿಲ್ಲ. ಹಾಗಾಗಿ ಭಾಷೆ ಯಾವುದು ಅಂತ ಸೆಮಿಸ್ಟರ್ ಶುರುವಿನಲ್ಲೇ ತೀರ್ಮಾನ ಆಗಲಿ.

ಪ್ರತಿ ಘಟಕದಿಂದ ಒಂದು ಪ್ರಬಂಧ ಮಾದರಿ ಪ್ರಶ್ನೆ, ಒಂದು ಲಘು ಟಿಪ್ಪಣಿ ಅಥವಾ ಸಮಸ್ಯೆ. ಐದು ಘಟಕ, ಮೂರು ಗಂಟೆ. ಘಟಕಕ್ಕೆ 33 ನಿಮಿಷ ಇಟ್ಟುಕೊಂಡರೆ ಕೊನೆಗೆ 15 ನಿಮಿಷ ಉಳಿಯುತ್ತೆ. ಹೆಚ್ಚಿನವರು ಫೇಲಾಗುವುದು ಗೊತ್ತಿಲ್ಲದೆ ಅಲ್ಲ. ಮೊದಲ ಘಟಕಕ್ಕೆ ಒಂದು ಗಂಟೆ ಸುರಿದು ಐದನೇ ಘಟಕ ಖಾಲಿ ಬಿಡ್ತಾರೆ. ಬಿಟ್ಟ ಘಟಕದ ಅಂಕ ಯಾವ ಚಂದದ ಉತ್ತರದಿಂದಲೂ ತುಂಬಲ್ಲ.

ಸಮಸ್ಯೆ ಪ್ರಶ್ನೆಗೆ ಮೊದಲು ವಿವಾದಾಂಶ ಏನು ಅಂತ ಒಂದು ಸಾಲು. ಆಮೇಲೆ ಕಲಂ ಮತ್ತು ಅದರ ಅಂಗಗಳು. ಉದಾಹರಣೆಗೆ ಕಳವು ಅಂದರೆ ಚರ ವಸ್ತು, ಇನ್ನೊಬ್ಬರ ವಶ, ಒಪ್ಪಿಗೆ ಇಲ್ಲದಿರುವುದು, ಅಪ್ರಾಮಾಣಿಕ ಉದ್ದೇಶ, ವಸ್ತುವನ್ನು ಸರಿಸುವುದು. ಕೊಟ್ಟ ಸಂಗತಿಗಳನ್ನು ಈ ಒಂದೊಂದು ಅಂಗಕ್ಕೂ ಹಚ್ಚಿ ನೋಡಿ, ಕೊನೆಗೆ ತೀರ್ಮಾನ. "ಆರೋಪಿ ತಪ್ಪಿತಸ್ಥ" ಅಂತ ಮೊದಲ ಸಾಲಿನಲ್ಲೇ ಬರೆದು ಅಂಗಗಳನ್ನು ಬಿಟ್ಟರೆ ಅರ್ಧ ಅಂಕವೂ ಬರಲ್ಲ.

ಓದುವಾಗ ಗೈಡಿನಿಂದ ಶುರು ಮಾಡಬೇಡಿ, ಬೇರ್ ಆ್ಯಕ್ಟಿನಿಂದ (ಕಾಯ್ದೆಯ ಮೂಲಪಾಠದಿಂದ) ಮಾಡಿ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ, ರಾಜ್ಯದವು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗ್ತವೆ, ರಾಜ್ಯದವು ಕನ್ನಡದಲ್ಲೂ. ನೋಟ್‌ಬುಕ್ಕಿನ ಎಡಪುಟಕ್ಕೆ ಇಂಗ್ಲಿಷ್ ಕಲಂ, ಬಲಪುಟಕ್ಕೆ ಕನ್ನಡ. ದಿನಕ್ಕೆ ಐದು ಕಲಂ ಸಾಕು. ತಾಲೂಕು ಕೋರ್ಟುಗಳಲ್ಲಿ ಕನ್ನಡ ನಡೆಯುತ್ತೆ, ಆದರೆ ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಓದಲೇಬೇಕಾಗುತ್ತೆ.

ಕೋಟೆ ಬೆಟ್ಟ, ಬಳ್ಳಾರಿ

ಹಳೆ ಪುಸ್ತಕದ ವಿಷಯ ಬಿಟ್ಟುಹೋಗಿತ್ತು. ಸೆಕೆಂಡ್ ಹ್ಯಾಂಡ್ ಪುಸ್ತಕ ತರುವ ಮುಂಚೆ ಎಚ್ಚರ. 2024ರ ಜುಲೈ 1ರಿಂದ ಐಪಿಸಿ (ಅಪರಾಧ-ಶಿಕ್ಷೆಯ ಹಳೆ ಕಾಯ್ದೆ) ಬದಲು ಭಾರತೀಯ ನ್ಯಾಯ ಸಂಹಿತೆ (358 ಕಲಂ), ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯೆಯ ಹಳೆ ಕಾಯ್ದೆ) ಬದಲು ನಾಗರಿಕ ಸುರಕ್ಷಾ ಸಂಹಿತೆ (531), ಸಾಕ್ಷ್ಯ ಕಾಯ್ದೆ ಬದಲು ಸಾಕ್ಷ್ಯ ಅಧಿನಿಯಮ (170).

ಕೊಲೆ 302 ಇದ್ದದ್ದು 103, ವಂಚನೆ 420 ಇದ್ದದ್ದು 318(4), ಗಂಡನ ಮನೆಯವರ ಕ್ರೌರ್ಯ 498-ಎ ಇದ್ದದ್ದು 85. ಎಫ್‌ಐಆರ್ 154 ಇದ್ದದ್ದು 173, ಜೀವನಾಂಶ 125 ಇದ್ದದ್ದು 144. ಬಹಳ ಮೋಸ ಮಾಡುವ ಸಂಖ್ಯೆ 482. ಹಳೆಯ ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ (ಕೇಸು ರದ್ದು ಮಾಡುವಂಥದ್ದು), ಹೊಸ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನು). ಅಂತರ್ಗತ ಅಧಿಕಾರ ಈಗ 528ಕ್ಕೆ ಹೋಗಿದೆ. ಹಳೆಯ ತೀರ್ಪು ಓದುವಾಗ ಅಂಚಿನಲ್ಲಿ ಹೊಸ ಸಂಖ್ಯೆ ಬರೆದುಕೊಳ್ಳದಿದ್ದರೆ ಅರ್ಜಿಯ ತಲೆಬರಹವೇ ತಪ್ಪಾಗುತ್ತೆ.

ಹಾಗಂತ ಐಪಿಸಿ ಸತ್ತಿಲ್ಲ. ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಅಪರಾಧ ನಡೆದ ತಾರೀಖು ನೋಡಿ ಸಂಹಿತೆ ಆರಿಸಬೇಕು, ದೂರು ಕೊಟ್ಟ ತಾರೀಖು ನೋಡಿ ಅಲ್ಲ.

ಮಸ್ಕಿ ಮಣ್ಣು

ಮನಸ್ಸು ಹಗುರಾಯ್ತು. ಎಲ್‌ಎಲ್‌ಬಿನೇ ಓದ್ಸೋಣ. ಮುಂದ ಎರಡು ವರ್ಷದ ಎಲ್‌ಎಲ್‌ಎಂ ಮಾಡಿದ್ರ ಏನು ಲಾಭ? ಮತ್ತ, ನಮ್ಮ ಕಡೀಯವರಿಗೆ ಹೈಕೋರ್ಟ್ ಧಾರವಾಡನೋ ಕಲಬುರಗಿನೋ? ಗಂಗಾವತಿಯಾಗಿನ ಗೆಳೆಯರು ಧಾರವಾಡ ಅಂತಾರ.

ದೋಆಬಿನ ದಾರಿ, ರಾಯಚೂರು

ಎರಡೂ ಖರೇನ. ಗಂಗಾವತಿ ಕೊಪ್ಪಳ ಜಿಲ್ಲಾ, ಅದಕ್ಕ ಧಾರವಾಡ ಪೀಠ. ಬಳ್ಳಾರಿಗೂ ಅದೇ. ಮಸ್ಕಿ, ಸಿಂಧನೂರು ರಾಯಚೂರು ಜಿಲ್ಲಾ, ಕಲಬುರಗಿ ಪೀಠ. ನಡುವ ದಾರಿ ಸ್ವಲ್ಪೇ ಇದ್ರೂ ಮೇಲ್ಮನವಿ ಹೋಗೋ ಊರು ಬ್ಯಾರೆ. ಆಸ್ತಿ ದಾವೆಯಾಗ ಆಸ್ತಿ ಯಾವ ಜಿಲ್ಲಾದಾಗ ಅದ ಅನ್ನೋದನ್ನ ನೋಡ್ರಿ, ಕಕ್ಷಿದಾರರ ಮನಿ ಅಲ್ಲ.

ಕೋಟೆ ಬೆಟ್ಟ, ಬಳ್ಳಾರಿ

ಎಲ್‌ಎಲ್‌ಎಂ ಬೇಕಾಗುವುದು ಪಾಠ ಮಾಡುವವರಿಗೆ. ಕಾಲೇಜಿನ ಅಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ 55% (ಮೀಸಲು ವರ್ಗಕ್ಕೆ 50%) ಬೇಕು, ಜೊತೆಗೆ ನೆಟ್ ಅಥವಾ ಕೆಸೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆಗಳು). ವಕೀಲಿಗೆ ಅದು ಕಡ್ಡಾಯವಲ್ಲ. ಸಿವಿಲ್ ನ್ಯಾಯಾಧೀಶರಾಗುವ ಯೋಚನೆ ಇದ್ದರೆ ಇನ್ನೊಂದು ಗಮನಿಸಿ: 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ಆದ್ದರಿಂದ ಎಲ್‌ಎಲ್‌ಬಿ ಮುಗಿದ ಕೂಡಲೇ ಮೊದಲು ಸನ್ನದು.

ಈಗ ಮಾಡಬೇಕಾದ್ದು: ಅಂಕಪಟ್ಟಿಗಳು, ಜಾತಿ-ಆದಾಯ ಪ್ರಮಾಣಪತ್ರ, ಮತ್ತು 371-ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿಯ) ಪ್ರಮಾಣಪತ್ರ. ಕೊನೆಯದನ್ನು ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಎಸೆಸೆಲ್ಸಿ ಅಂಕಪಟ್ಟಿ, ಆಧಾರ್, ಪ್ರಮಾಣಪತ್ರ ಮೂರರಲ್ಲೂ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೇ ಥರ ಇರಲಿ. ಒಂದು ಅಕ್ಷರ ವ್ಯತ್ಯಾಸವಿದ್ದರೂ ಪ್ರವೇಶದ ದಿನ ಅಫಿಡವಿಟ್‌ಗೆ ಓಡಾಡಬೇಕಾಗುತ್ತೆ, ಮೂರು ವರ್ಷ ಬಿಟ್ಟು ಸನ್ನದಿನ ಅರ್ಜಿಯಲ್ಲಿ ಅದೇ ತಕರಾರು ಮತ್ತೆ ಏಳುತ್ತೆ.

ಕಡತದ ಕಟ್ಟು

ಹೆಸರು ತಿದ್ದಿಸೋದಿದ್ದರೆ ಎಸೆಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿ ಇಟ್ಟುಕೊಂಡು ಆಧಾರ್ ಅದಕ್ಕೆ ಹೊಂದಿಸಿ, ಉಲ್ಟಾ ಬೇಡ. ಅಂಕಪಟ್ಟಿ ತಿದ್ದಿಸೋದು ಬಹಳ ತಡ ಆಗುತ್ತೆ. ಈ ವಾರವೇ ಹೋಗಿ ಬನ್ನಿ, ಪ್ರವೇಶ ಶುರುವಾದ ಮೇಲೆ ಆಧಾರ್ ಕೇಂದ್ರದಲ್ಲಿ ಸಾಲು ಹೆಚ್ಚು.